ಎಲ್ಲಿ ಕೆರೆದುಕೊಳ್ಳುತ್ತಿದೆ, ಯಾವಾಗಿನಿಂದ?

ನಾಯಿಯ ಪಕ್ಕೆಯ ಮೇಲೆ ಬೆರಳಾಡಿಸಿ ಕೆರೆದರೆ ಅದರ ಹಿಂಗಾಲು ತಾನಾಗಿಯೇ ಗಾಳಿಯಲ್ಲಿ ಬಡಿಯತೊಡಗುತ್ತದೆ. ನಾಯಿ ಸಾಕಿದವರೆಲ್ಲ ನೋಡಿರುವ ಈ ಬಡಿತವನ್ನು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಚಾರ್ಲ್ಸ್ ಶೆರಿಂಗ್ಟನ್ ಎಂಬ ಶರೀರವಿಜ್ಞಾನಿ ವರ್ಷಗಟ್ಟಲೆ ಅಳೆದರು. ಚರ್ಮಕ್ಕೆ ಕೂದಲೆಳೆಯಂಥ ಸೂಜಿ ಚುಚ್ಚಿ ಅತ್ಯಲ್ಪ ವಿದ್ಯುತ್ ಹಾಯಿಸುವ ಸಾಧನವೊಂದನ್ನು ಬಳಸಿದರು. ಅದನ್ನು ‘ವಿದ್ಯುತ್ ಚಿಗಟ’ ಎಂದು ಕರೆದರು. ಬೆನ್ನಿನ ಮೇಲೆ, ಪಕ್ಕೆಗಳವರೆಗೂ ಇಳಿಯುವ ವಿಶಾಲ ಜಾಗದಲ್ಲಿ ಎಲ್ಲೇ ಕೆಣಕಿದರೂ ಹಿಂಗಾಲು ಸೆಕೆಂಡಿಗೆ ಸುಮಾರು 4 ಬಾರಿ ಬಡಿಯುತ್ತಿತ್ತು. ಕತ್ತಿನ ಬಳಿ ಬೆನ್ನುಹುರಿ ಕತ್ತರಿಸಿ ಮೆದುಳಿನ ಸಂಪರ್ಕವನ್ನೇ ತಪ್ಪಿಸಿದ್ದ ನಾಯಿಗಳಲ್ಲೂ ಆ ಲಯ ನಿಲ್ಲಲಿಲ್ಲ. ಇಂದು ಯಾರೂ ಒಪ್ಪಲಾರದ ಪ್ರಯೋಗ ಅದು. ಆದರೆ ಅದರಿಂದ ತಿಳಿದದ್ದು ಅಳಿಸಿಹೋಗಲಿಲ್ಲ: ಕೆರೆಯುವ ಚಲನೆಯ ಪೂರ್ತಿ ವಿಧಾನ ಬೆನ್ನುಹುರಿಯಲ್ಲೇ ಇದೆ. 1906ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಈ ಪ್ರತಿವರ್ತನೆಗೆ ದೊಡ್ಡ ಸ್ಥಾನವಿದೆ. 1932ರಲ್ಲಿ ಅವರಿಗೆ ನೊಬೆಲ್ ಬಂತು.

ಕೆರೆಯುವುದು ಕಾಲಿನ ಕೆಲಸ. ನವೆ ನಾಯಿಯ ಅನುಭವ, ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ. 1660ರಲ್ಲಿ ಜರ್ಮನಿಯ ವೈದ್ಯ ಸ್ಯಾಮುಯೆಲ್ ಹಾಫೆನ್‌ರೆಫರ್, ಕೆರೆಯಬೇಕೆಂಬ ಆಸೆಯನ್ನು ಹುಟ್ಟಿಸುವ ಅಹಿತಕರ ಅನುಭವವೇ ನವೆ ಎಂದು ಬರೆದರು. ವೈದ್ಯರು ಇವತ್ತಿಗೂ ಆ ವಿವರಣೆಯನ್ನೇ ಬಳಸುತ್ತಾರೆ. ನವೆ ಎಂದರೆ ಸಣ್ಣ ಪ್ರಮಾಣದ ನೋವು ಎಂಬ ನಂಬಿಕೆ ಇಪ್ಪತ್ತನೆಯ ಶತಮಾನದ ಬಹುಭಾಗ ನಡೆದುಬಂತು. 1997ರಲ್ಲಿ ಮಾರ್ಟಿನ್ ಶ್ಮೆಲ್ಟ್ಸ್ ಮತ್ತು ಸಂಗಡಿಗರು ಮನುಷ್ಯರ ಚರ್ಮದಲ್ಲಿ ನವೆಯ ಸುದ್ದಿಯನ್ನು ಒಯ್ಯುವ ತೀರ ಸಣ್ಣ, ತೀರ ನಿಧಾನದ ನರತಂತುಗಳನ್ನು ಗುರುತಿಸಿದ ಮೇಲೆ ಆ ನಂಬಿಕೆ ಸಡಿಲವಾಯಿತು.

ನಾಯಿಗೆ ಬಾಯಿಲ್ಲ, ಆದ್ದರಿಂದ ನಾವು ಅದರ ನಡೆಯನ್ನು ಓದಬೇಕು. ಕಾಲೆತ್ತಿ ಪರಪರ ಕೆರೆದುಕೊಂಡರೆ ಮಾತ್ರ ನವೆ ಎಂದುಕೊಳ್ಳುವವರೇ ಹೆಚ್ಚು. ಗಂಟೆಗಟ್ಟಲೆ ಪಾದ ನೆಕ್ಕುವುದು, ಉಂಡಾದ ಮೇಲೆ ಮೂತಿಯನ್ನು ದಿವಾನಕ್ಕೆ ಉಜ್ಜುವುದು, ತಲೆ ಕೊಡವುತ್ತಲೇ ಇರುವುದು, ತೊಡೆಯ ಕೂದಲನ್ನು ಮುಂಬಲ್ಲಿನಿಂದ ಕಚಕಚ ಕಡಿಯುವುದು, ಕುಂಡಿಯನ್ನು ನೆಲಕ್ಕೆ ಒತ್ತಿ ಎಳೆದುಕೊಂಡು ಹೋಗುವುದು, ಇವೂ ಬಹಳ ಸಲ ನವೆಯೇ. ತಿಳಿಬಣ್ಣದ ನಾಯಿಯಾದರೆ ಸುಳಿವು ಇನ್ನೂ ಸ್ಪಷ್ಟ: ಜೊಲ್ಲಿನಲ್ಲಿರುವ ಪೋರ್ಫಿರಿನ್ ಎಂಬ ಬಣ್ಣದ ಅಂಶ ಹಿಡಿದು, ಹೆಚ್ಚು ನೆಕ್ಕಿದ ಪಾದದ ಕೂದಲು ಕಂದುಗೆಂಪಾಗುತ್ತದೆ. “ನಮ್ಮ ಪುಟ್ಟಿ ತುಂಬ ಕ್ಲೀನು, ಯಾವಾಗಲೂ ಕಾಲು ನೆಕ್ಕಿಕೊಳ್ತಾನೇ ಇರುತ್ತೆ” ಎಂದು ಹೆಮ್ಮೆಯಿಂದ ಹೇಳುವ ಮನೆಗಳಿವೆ. ಆ ಪುಟ್ಟಿಗೆ ಬಹುಶಃ ವರ್ಷಗಳಿಂದ ನವೆಯಿದೆ.

ಚರ್ಮ ಒಣಗಿ ಹೊಟ್ಟು ಉದುರುತ್ತಿದೆ, ನಾಯಿ ಕೆರೆದುಕೊಳ್ಳುತ್ತಿದೆ ಎಂದಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ “ಏನು ಹಚ್ಚಬೇಕು?” ಹೊಂಗೆ ಎಣ್ಣೆಯೋ, ಬೇವಿನ ಎಣ್ಣೆಯೋ, ಮೆಡಿಕಲ್ ಶಾಪಿನ ಟ್ಯೂಬೋ? ಈ ಪ್ರಶ್ನೆಯನ್ನು ಒಂದು ಗಳಿಗೆ ತಡೆಹಿಡಿಯಬೇಕು. ಮೊದಲು ಕೇಳಬೇಕಾದದ್ದು ಎರಡು: ಎಲ್ಲಿ ಕೆರೆದುಕೊಳ್ಳುತ್ತಿದೆ? ಯಾವಾಗಿನಿಂದ? ನಾಯಿಯ ಮೈಯ ಮೇಲೆ ನವೆ ಎಲ್ಲೆಂದರಲ್ಲಿ ಹರಡುವುದಿಲ್ಲ. ಒಂದೊಂದು ಕಾರಣಕ್ಕೂ ಅದರದೇ ಜಾಗವಿದೆ, ಅದರದೇ ವಯಸ್ಸಿದೆ.

ಚರ್ಮದ ರಚನೆಯಿಂದಲೇ ಆರಂಭಿಸೋಣ. ಕೂದಲಿನಿಂದ ಮುಚ್ಚಿದ ಭಾಗದಲ್ಲಿ ನಾಯಿಯ ಹೊರಚರ್ಮ ಜೀವಕೋಶಗಳ 3ರಿಂದ 5 ಸಾಲಿನಷ್ಟು ಮಾತ್ರ ದಪ್ಪವಿರುತ್ತದೆ. ನಮ್ಮದು ಅದಕ್ಕಿಂತ ಎಷ್ಟೋ ದಪ್ಪ. ಕೂದಲಿನ ಕಂಬಳಿ ಹೊದ್ದ ಪ್ರಾಣಿಗೆ ದಪ್ಪ ಚರ್ಮದ ಅಗತ್ಯ ಬೀಳಲಿಲ್ಲ. ತಳದಲ್ಲಿ ಹುಟ್ಟಿದ ಕೋಶ ಮೇಲಕ್ಕೆ ಬಂದು, ಸತ್ತು, ಚಪ್ಪಟೆಯಾಗಿ ಉದುರಲು ಸುಮಾರು 3 ವಾರ ಬೇಕು. ತುತ್ತತುದಿಯ ಪದರದಲ್ಲಿ ಈ ಸತ್ತ ಕೋಶಗಳು ಮಂಗಳೂರು ಹಂಚಿನ ಮಾಡಿನಂತೆ ಒಂದರ ಮೇಲೊಂದು ಚಾಚಿ ಕೂತಿರುತ್ತವೆ. ಅವುಗಳ ಸಂದುಗಳನ್ನು ಸೆರಮೈಡ್, ಕೊಲೆಸ್ಟರಾಲ್, ಮೇದಾಮ್ಲಗಳು ತುಂಬಿರುತ್ತವೆ. ಒಳಗಿನ ನೀರು ಹೊರಗೆ ಆರದಂತೆ, ಹೊರಗಿನ ಧೂಳು, ಪರಾಗ, ಸೂಕ್ಷ್ಮಜೀವಿ ಒಳಗೆ ನುಗ್ಗದಂತೆ ತಡೆಯುವುದು ಈ ಕೊಬ್ಬಿನ ಬೆಸುಗೆಯೇ. ಅದು ಸವೆದಾಗ ಎರಡೂ ಕಡೆಯಿಂದ ಸೋರುತ್ತದೆ: ನೀರು ಹೋಗಿ ಚರ್ಮ ಒಣಗುತ್ತದೆ, ಅನ್ಯವಸ್ತು ಬಂದು ಉರಿಯೂತ ಏಳುತ್ತದೆ. ಒಣಗುವುದೂ ನವೆಯೂ ಜೊತೆಯಾಗಿಯೇ ಕಾಣಿಸಿಕೊಳ್ಳುವುದು ಇದಕ್ಕೇ.

ನಮ್ಮ ಚರ್ಮ ಆಮ್ಲೀಯ, ಅದರ ಪಿಎಚ್ 5ರ ಆಸುಪಾಸು. ನಾಯಿಯದು ತಟಸ್ಥದ ಹತ್ತಿರ. ನಾವು ಮೈಗೆ ಹಚ್ಚುವ ಸಾಬೂನಿನ ಬಿಲ್ಲೆಯ ಪಿಎಚ್ ಸಾಮಾನ್ಯವಾಗಿ 9ರಿಂದ 10. ಬಟ್ಟೆ ಸಾಬೂನು ಇನ್ನೂ ಕಟು. ತೆಳು ಚರ್ಮದ ಮೇಲೆ ಕ್ಷಾರದ ನೊರೆ ಉಜ್ಜಿ, ಬಿಸಿನೀರು ಸುರಿದು, ವಾರಕ್ಕೆ ಎರಡು ಸಲ ಹೀಗೆ ಮಾಡಿದರೆ ಬೆಸುಗೆಯ ಕೊಬ್ಬು ಕೊಚ್ಚಿಹೋಗುತ್ತದೆ. ವಾಸನೆ ಬರುತ್ತಿದೆ ಎಂದು ಸ್ನಾನ, ಸ್ನಾನದಿಂದ ಹೊಟ್ಟು, ಹೊಟ್ಟೆಂದು ಮತ್ತೆ ಸ್ನಾನ. ಬೆಂಗಳೂರು, ಮೈಸೂರು ಕಡೆ ಸಂಕ್ರಾಂತಿಯಿಂದ ಯುಗಾದಿಯವರೆಗಿನ ಒಣಹವೆಯಲ್ಲಿ ಇದು ಇನ್ನಷ್ಟು ಬಿಗಡಾಯಿಸುತ್ತದೆ. ಇಡೀ ಹಗಲು ಎಸಿ ಕೋಣೆಯಲ್ಲಿರುವ ನಾಯಿಗಂತೂ ವರ್ಷವೆಲ್ಲ ಒಣಹವೆಯೇ.

ಊಟದಿಂದಲೂ ಚರ್ಮ ಒಣಗುತ್ತದೆ. 1929ರಲ್ಲಿ ಅಮೆರಿಕದ ಮಿನೆಸೊಟಾದಲ್ಲಿ ಜಾರ್ಜ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ಕೊಬ್ಬಿನ ಸೋಂಕೇ ಇಲ್ಲದ ಆಹಾರವನ್ನು ಇಲಿಗಳಿಗೆ ತಿನ್ನಿಸಿದರು. ಸಕ್ಕರೆ, ಪ್ರೋಟೀನು, ಆಗ ಗೊತ್ತಿದ್ದ ವಿಟಮಿನ್ನುಗಳು ಎಲ್ಲವೂ ಇದ್ದವು. ಆದರೂ ಇಲಿಗಳ ಬಾಲ ಒಣಗಿ ಹುರುಪೆಯೆದ್ದಿತು, ಚರ್ಮ ಹೊಟ್ಟಾಯಿತು, ಬೆಳವಣಿಗೆ ನಿಂತಿತು. ಕೊಬ್ಬು ಬರೀ ಶಕ್ತಿಯ ಮೂಲ, ಅದಿಲ್ಲದೆಯೂ ದೇಹ ಬದುಕಬಲ್ಲದು ಎಂಬ ಅಂದಿನ ತಿಳಿವಳಿಕೆಯನ್ನು ಒಂದು ಇಲಿಯ ಬಾಲ ಉರುಳಿಸಿತು. ಲಿನೋಲಿಯಿಕ್ ಆಮ್ಲ ಕೊಟ್ಟಾಗ ಇಲಿಗಳು ಚೇತರಿಸಿಕೊಂಡವು. ನಾಯಿಗೂ ಇದು ಅನಿವಾರ್ಯ ಮೇದಾಮ್ಲ. ಅದರ ದೇಹ ಇದನ್ನು ತಯಾರಿಸಲಾರದು, ಚರ್ಮದ ಸೆರಮೈಡ್ ಇದಿಲ್ಲದೆ ಕಟ್ಟದು.

ಅನ್ನ ಮತ್ತು ನೀರುಮಜ್ಜಿಗೆ, ಅಥವಾ ಬರೀ ರಾಗಿ ಅಂಬಲಿಯ ಮೇಲೆ ಬೆಳೆಯುವ ನಾಯಿಗಳ ಕೂದಲು ಮಂಕಾಗಿ ಚರ್ಮ ಹೊಟ್ಟೇಳುವುದಕ್ಕೆ ಇದೊಂದು ಕಾರಣ. ಕರಾವಳಿಯವರು ಊಟಕ್ಕೆ ತೆಂಗಿನೆಣ್ಣೆ ಬೆರೆಸಿ ಕೊಡುತ್ತಾರೆ. ಆದರೆ ತೆಂಗಿನೆಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ ಇರುವುದು ತೀರಾ ಕಡಿಮೆ. ಉತ್ತರ ಕರ್ನಾಟಕದ ಸಾಂಪ್ರದಾಯಿಕ ಕುಸುಬೆ ಎಣ್ಣೆಯಲ್ಲಾದರೆ ಸುಮಾರು ಮುಕ್ಕಾಲು ಪಾಲು ಅದೇ. ಅಗಸೆಯ ಒಮೇಗಾ-3 ಒಳ್ಳೆಯದೇ ಆದರೂ ಉರಿಯೂತ ತಗ್ಗಿಸುವ ಇಪಿಎ, ಡಿಎಚ್‌ಎಗಳಾಗಿ ಅದನ್ನು ಮಾರ್ಪಡಿಸುವ ಸಾಮರ್ಥ್ಯ ನಾಯಿಗೆ ಕಡಿಮೆ. ಅದಕ್ಕೆ ಮೀನೆಣ್ಣೆಯೇ ನೇರ ದಾರಿ. ಯಾವ ಎಣ್ಣೆಯಾದರೂ ಚರ್ಮದಲ್ಲಿ ಗುಣ ತೋರಲು 2ರಿಂದ 3 ತಿಂಗಳು ಬೇಕು. ಎರಡು ವಾರ ಕೊಟ್ಟು “ಏನೂ ಆಗಲಿಲ್ಲ” ಎಂದು ಬಿಡುವವರು ತುಂಬ. ಎಣ್ಣೆ ಹೆಚ್ಚಾದರೆ ಭೇದಿಯಾದೀತು, ನಾಯಿ ದಪ್ಪವಾದೀತು. ಅಳತೆಯನ್ನು ಅದರ ತೂಕ ನೋಡಿ ಪಶುವೈದ್ಯರೇ ಹೇಳಲಿ.

ಧಾನ್ಯವೇ ಪ್ರಧಾನವಾದ ಊಟದಲ್ಲಿ ಇನ್ನೊಂದು ತೊಡಕು. ಧಾನ್ಯದ ಫೈಟೇಟ್ ಸತುವನ್ನು ಹಿಡಿದಿಟ್ಟುಕೊಂಡು ಕರುಳಿಗೆ ಸಿಗದಂತೆ ಮಾಡುತ್ತದೆ. ಬೆಳೆಯುವ ದೊಡ್ಡ ತಳಿಯ ಮರಿಗೆ “ಮೂಳೆ ಗಟ್ಟಿಯಾಗಲಿ” ಎಂದು ಕ್ಯಾಲ್ಸಿಯಂ ಸಿರಪ್ಪನ್ನೂ ಧಾರಾಳವಾಗಿ ಹಾಕಿದರೆ ಸತು ಮತ್ತಷ್ಟು ಕೈತಪ್ಪುತ್ತದೆ. ಕಣ್ಣು, ಬಾಯಿಯ ಸುತ್ತ, ಅಂಗಾಲಿನ ಮೆತ್ತೆಯ ಮೇಲೆ ಗಡುಸು ಹುರುಪೆ ಕಟ್ಟುವುದು ಅದರ ಗುರುತು. ಸೈಬೀರಿಯನ್ ಹಸ್ಕಿಗಳಲ್ಲಿ ಕೆಲವಕ್ಕೆ ಸತುವನ್ನು ಹೀರಿಕೊಳ್ಳುವ ಶಕ್ತಿಯೇ ಹುಟ್ಟಿನಿಂದ ಕಡಿಮೆ, ಒಳ್ಳೆಯ ಊಟ ಹಾಕಿದರೂ ಈ ತೊಂದರೆ ಬರಬಹುದು.

ಇಷ್ಟಾದರೂ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬರೀ ಒಣಚರ್ಮದಿಂದ ನಾಯಿ ರಾತ್ರಿಯಿಡೀ ನಿದ್ದೆಗೆಟ್ಟು ರಕ್ತ ಬರುವಂತೆ ಕೆರೆದುಕೊಳ್ಳುವುದು ಅಪರೂಪ. ಅಷ್ಟು ನವೆಯಿದ್ದರೆ ಒಣಗಿದ್ದು ಪರಿಣಾಮ, ಕಾರಣ ಬೇರೆಲ್ಲೋ ಇದೆ.

ಬಾಲದ ಬುಡ, ಸೊಂಟದ ಮೇಲ್ಭಾಗ, ತೊಡೆಯ ಹಿಂಬದಿ: ಕೆರೆತ ಇಲ್ಲಿದ್ದರೆ ಮೊದಲ ಅನುಮಾನ ಚಿಗಟದ ಮೇಲೆ. ನಮ್ಮ ಊರುಗಳ ನಾಯಿಗಳ ಮೇಲಿರುವುದು ಹೆಚ್ಚಾಗಿ ಬೆಕ್ಕಿನ ಚಿಗಟ ಮತ್ತು ಅದರ ಹತ್ತಿರದ ಬಂಧು. ಎಷ್ಟು ಚಿಗಟ ಇವೆ ಎಂಬುದು ಮುಖ್ಯವಲ್ಲ. ಅದರ ಜೊಲ್ಲಿನ ಪ್ರೋಟೀನಿಗೆ ಅಲರ್ಜಿ ಇರುವ ನಾಯಿಗೆ ಬೆರಳೆಣಿಕೆಯ ಕಡಿತಗಳೇ ಸಾಕು, ದಿನಗಟ್ಟಲೆ ನವೆ. ಅಲರ್ಜಿ ಇಲ್ಲದ ನಾಯಿ ನೂರಾರು ಚಿಗಟ ಹೊತ್ತು ಆರಾಮವಾಗಿ ಮಲಗಿರಬಹುದು. ಮೇಲಾಗಿ, ನವೆಯ ನಾಯಿ ಕಡಿದು ನೆಕ್ಕಿ ಚಿಗಟವನ್ನು ನುಂಗಿಬಿಡುತ್ತದೆ. ಹುಡುಕಿದರೆ ಒಂದೂ ಸಿಗುವುದಿಲ್ಲ. ಅದಕ್ಕೊಂದು ಸುಲಭ ಪರೀಕ್ಷೆಯಿದೆ. ಹೇನಿನ ಬಾಚಣಿಗೆಯಿಂದ ಬಾಲದ ಬುಡ ಬಾಚಿ, ಸಿಕ್ಕಿದ ಕರಿಪುಡಿಯನ್ನು ಒದ್ದೆ ಮಾಡಿದ ಬಿಳಿ ಟಿಶ್ಯೂ ಕಾಗದದ ಮೇಲೆ ಹಾಕಿ. ಮಣ್ಣಾದರೆ ಕಂದಾಗಿಯೇ ಇರುತ್ತದೆ. ಚಿಗಟದ ಹಿಕ್ಕೆಯಾದರೆ ಸುತ್ತ ಕೆಂಪು ಹರಡುತ್ತದೆ, ಏಕೆಂದರೆ ಅದು ಜೀರ್ಣವಾದ ನಾಯಿಯ ರಕ್ತವೇ.

ಚಿಗಟದ ವಿಷಯದಲ್ಲಿ ಮನೆಯವರು ಸೋಲುವುದು ಲೆಕ್ಕದಲ್ಲಿ. ಹೆಣ್ಣು ದಿನಕ್ಕೆ 40ರಿಂದ 50 ಮೊಟ್ಟೆ ಇಡುತ್ತದೆ. ಮೊಟ್ಟೆಗೆ ಅಂಟಿಲ್ಲ; ನಾಯಿ ಮಲಗಿದಲ್ಲಿ, ಓಡಾಡಿದಲ್ಲಿ ಉದುರುತ್ತದೆ. ಅದರಿಂದ ಹೊರಬಂದ ಮರಿಹುಳು ಬೆಳಕಿಗೆ ಹೆದರಿ ಚಾಪೆಯಡಿ, ದಿವಾನದ ಸಂದು, ಅಂಗಳದ ನೆರಳಿನ ಮಣ್ಣಿಗೆ ಸೇರುತ್ತದೆ. ಆಮೇಲೆ ರೇಷ್ಮೆಯಂಥ ಅಂಟುಗೂಡು ಕಟ್ಟಿ ಧೂಳು ಮೆತ್ತಿಕೊಂಡು ಕೂರುತ್ತದೆ. ಒಂದು ಮನೆಯ ಚಿಗಟ ಸಂಸಾರದಲ್ಲಿ ನಾಯಿಯ ಮೈಮೇಲೆ ಕಾಣುವ ವಯಸ್ಕ ಚಿಗಟಗಳ ಪಾಲು ಸುಮಾರು ಶೇ. 5, ಉಳಿದ ಶೇ. 95 ಮೊಟ್ಟೆ, ಹುಳು, ಗೂಡುಗಳಾಗಿ ನೆಲದಲ್ಲಿವೆ. ಗೂಡಿನೊಳಗಿನದು ತಿಂಗಳುಗಟ್ಟಲೆ ಕಾದೀತು. ನಡಿಗೆಯ ಕಂಪನ, ಮೈಬಿಸಿ, ಉಸಿರಿನ ಇಂಗಾಲದ ಡೈಆಕ್ಸೈಡ್ ತಾಗಿದ ಕೂಡಲೇ ಹೊರಬೀಳುತ್ತದೆ. ಬೇಸಿಗೆ ರಜೆ ಮುಗಿಸಿ ಬೀಗ ತೆಗೆದ ಮನೆಯಲ್ಲಿ ಕಾಲಿಗೆ ಚಿಗಟ ಮುತ್ತುವುದು ಹೀಗೆ.

ಆದ್ದರಿಂದ ನಾಯಿಗೆ ಒಂದು ಸಲ ಔಷಧಿ ಹಾಕಿ ಸುಮ್ಮನಾದರೆ ಆಗದು. ಮನೆಯ ಎಲ್ಲ ನಾಯಿ, ಬೆಕ್ಕುಗಳಿಗೂ ಕನಿಷ್ಠ 3 ತಿಂಗಳು ಬಿಡದೆ ಔಷಧಿ, ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆಯುವುದು, ಸಂದುಗೊಂದುಗಳನ್ನು ಪೊರಕೆ ಅಥವಾ ವ್ಯಾಕ್ಯೂಮಿನಿಂದ ಸ್ವಚ್ಛ ಮಾಡುವುದು ಮೂರೂ ಬೇಕು. ಇಲ್ಲೊಂದು ಎಚ್ಚರ: ನಾಯಿಯ ಬೆನ್ನಿಗೆ ಹಾಕುವ ಕೆಲವು ಹನಿಗಳಲ್ಲಿ ಪರ್ಮೆತ್ರಿನ್ ಇರುತ್ತದೆ. ಬೆಕ್ಕಿನ ಯಕೃತ್ತಿಗೆ ಅದನ್ನು ಒಡೆಯುವ ಶಕ್ತಿಯಿಲ್ಲ. “ಉಳಿದದ್ದು ಬೆಕ್ಕಿಗೂ ಇರಲಿ” ಎಂದು ಹಾಕಿದರೆ ಅದು ನಡುಗಿ, ಸೆಳೆತ ಬಂದು ಸಾಯಬಹುದು.

ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಹಿಮ್ಮಡಿ, ಹೊಟ್ಟೆಯಡಿ: ಈ ಜಾಗಗಳಲ್ಲಿ ಕೂದಲುದುರಿ ಹುರುಪೆ ಕಟ್ಟಿ ನಾಯಿ ಹುಚ್ಚು ಹಿಡಿದಂತೆ ಕೆರೆದುಕೊಳ್ಳುತ್ತಿದ್ದರೆ ಅದು ಕಜ್ಜಿ. ಸಾರ್ಕಾಪ್ಟಿಸ್ ಎಂಬ ನುಸಿ ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ಹೆಣ್ಣು ಹೊರಚರ್ಮದಲ್ಲಿ ಸುರಂಗ ಕೊರೆಯುತ್ತ ಮೊಟ್ಟೆಯಿಡುತ್ತ ಸಾಗುತ್ತದೆ. ಬ್ಲೇಡಿನಿಂದ ಚರ್ಮ ಹೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಎಷ್ಟೋ ಸಲ ಒಂದೂ ಸಿಗದು. ಹತ್ತಾರು ನುಸಿಗಳೇ ಇಡೀ ಮೈಯನ್ನು ಕೆರಳಿಸಬಲ್ಲವು. ಆಗ ಪಶುವೈದ್ಯರು ನಾಯಿಯ ಕಿವಿಯ ಅಂಚನ್ನು ಮಡಚಿ ಬೆರಳಿನಿಂದ ಉಜ್ಜಿ ನೋಡುತ್ತಾರೆ. ಕಜ್ಜಿಯಿದ್ದರೆ ಬಹುಪಾಲು ನಾಯಿಗಳ ಹಿಂಗಾಲು ತಕ್ಷಣ ಬಡಿಯತೊಡಗುತ್ತದೆ. ಶೆರಿಂಗ್ಟನ್ ಅಳೆದ ಅದೇ ಪ್ರತಿವರ್ತನೆ ಇಲ್ಲಿ ಆಸ್ಪತ್ರೆಯ ಮೇಜಿನ ಮೇಲೆ ರೋಗದ ಗುರುತಾಗಿ ಕೆಲಸಕ್ಕೆ ಬರುತ್ತದೆ. ನಾಯಿಯನ್ನು ಎತ್ತಿಕೊಳ್ಳುವವರ ಮುಂಗೈ, ಹೊಟ್ಟೆಯ ಮೇಲೂ ನವೆಯ ಗುಳ್ಳೆ ಏಳಬಹುದು. ನಾಯಿಯ ನುಸಿ ಮನುಷ್ಯನಲ್ಲಿ ಬೇರೂರದು. ನಾಯಿಗೆ ಗುಣವಾದರೆ ನಮ್ಮದೂ ತಾನಾಗಿ ಇಳಿಯುತ್ತದೆ.

ಡೆಮೊಡೆಕ್ಸ್ ಎಂಬ ಇನ್ನೊಂದು ನುಸಿ ಬೇರೆಯದೇ ಬಗೆಯದು. ಮೊಲೆಯುಣ್ಣುವ ಮೊದಲ ದಿನಗಳಲ್ಲೇ ತಾಯಿಯಿಂದ ಮರಿಯ ರೋಮಕೂಪಕ್ಕೆ ದಾಟಿ, ಬಹುತೇಕ ಎಲ್ಲ ನಾಯಿಗಳಲ್ಲೂ ಸದ್ದಿಲ್ಲದೆ ಬಾಳುತ್ತದೆ. ಮರಿಯ ರೋಗನಿರೋಧಕ ಶಕ್ತಿ ಎಡವಿದಾಗ ಮಾತ್ರ ಸಂಖ್ಯೆ ಮಿತಿಮೀರಿ ಕಣ್ಣಿನ ಸುತ್ತ, ಮುಂಗಾಲಿನಲ್ಲಿ ಕೂದಲು ಉದುರುತ್ತದೆ. ಆರಂಭದಲ್ಲಿ ನವೆಯೇ ಇರುವುದಿಲ್ಲ. ಇದು ಒಂದು ನಾಯಿಯಿಂದ ಇನ್ನೊಂದಕ್ಕೆ ಹರಡುವ ಕಜ್ಜಿಯಲ್ಲ. ಕೂದಲುದುರಿದ ಬೀದಿಮರಿಯನ್ನು “ಅಂಟುರೋಗ” ಎಂದು ಓಡಿಸುವವರಿಗೆ ಇದು ತಿಳಿದಿದ್ದರೆ ಎಷ್ಟೋ ಮರಿಗಳು ಬದುಕುತ್ತಿದ್ದವು.

ನುಸಿಯ ಔಷಧಿಯ ಕಥೆ ಹೇಳದೆ ಮುಂದೆ ಹೋಗಲಾರೆ. ಜಪಾನಿನ ಸತೋಶಿ ಓಮುರಾ 1970ರ ದಶಕದಲ್ಲಿ ಗಾಲ್ಫ್ ಮೈದಾನವೊಂದರ ಹತ್ತಿರದಿಂದ ತಂದ ಮಣ್ಣಿನಲ್ಲಿ ಒಂದು ಬ್ಯಾಕ್ಟೀರಿಯ ಸಿಕ್ಕಿತು. ಅದರ ದ್ರವದಿಂದ ಅಮೆರಿಕದಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ತಂಡ ಐವರ್ಮೆಕ್ಟಿನ್ ಬೆಳೆಸಿತು. ನದಿಕುರುಡು ರೋಗದಿಂದ ಲಕ್ಷಾಂತರ ಜನರನ್ನು ಉಳಿಸಿದ ಆ ಔಷಧಿಗಾಗಿ ಇಬ್ಬರಿಗೂ 2015ರಲ್ಲಿ ನೊಬೆಲ್ ಬಂತು. ಪ್ರಾಣಿಗಳಲ್ಲಿ ಅದರ ಬಳಕೆ 1981ರಲ್ಲಿ ಶುರುವಾಯಿತು. ಸ್ವಲ್ಪದರಲ್ಲೇ ಕುರಿಕಾಯುವ ಕಾಲಿ ತಳಿಯ ನಾಯಿಗಳು ಅದೇ ಔಷಧಿಯಿಂದ ತೂರಾಡಿ, ಕುರುಡಾಗಿ, ಪ್ರಜ್ಞೆ ತಪ್ಪಿ ಬೀಳುವುದು ಕಂಡುಬಂತು. ಕಾರಣ ತಿಳಿದದ್ದು 2001ರಲ್ಲಿ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ಯಾಟ್ರಿನಾ ಮೀಲಿ ತಂಡ ಆ ನಾಯಿಗಳ ಎಂಡಿಆರ್1 ಎಂಬ ಜೀನಿನಲ್ಲಿ ಬರೀ 4 ಅಕ್ಷರಗಳು ಬಿಟ್ಟುಹೋಗಿರುವುದನ್ನು ತೋರಿಸಿತು. ಮೆದುಳಿನ ರಕ್ತನಾಳಗಳ ಗೋಡೆಯಲ್ಲಿ ನಿಂತು ವಿಷವನ್ನು ಹೊರಕ್ಕೆ ತಳ್ಳುವ ಪಂಪನ್ನು ಈ ಜೀನ್ ಕಟ್ಟುತ್ತದೆ. ಪಂಪ್ ಇಲ್ಲದ ನಾಯಿಯ ಮೆದುಳಿಗೆ ಔಷಧಿ ತಡೆಯಿಲ್ಲದೆ ನುಗ್ಗುತ್ತದೆ.

ಶೆಟ್ಲೆಂಡ್ ಶೀಪ್‌ಡಾಗ್, ಆಸ್ಟ್ರೇಲಿಯನ್ ಶೆಫರ್ಡ್‌ಗಳಲ್ಲೂ ಈ ದೋಷ ಇರುತ್ತದೆ, ಮಿಶ್ರತಳಿಗಳಲ್ಲೂ ಇಣುಕಬಹುದು. ಹಳ್ಳಿ, ಪೇಟೆ ಎನ್ನದೆ ದನಕ್ಕೆ ತಂದ ಐವರ್ಮೆಕ್ಟಿನ್ ಇಂಜೆಕ್ಷನ್ನನ್ನು ಅಂದಾಜಿನ ಮೇಲೆ ನಾಯಿಗೂ ಚುಚ್ಚುವ ರೂಢಿ ನಮ್ಮಲ್ಲಿದೆ. ನೂರಾರು ಕಿಲೋ ತೂಕದ ಹಸುವಿಗಾಗಿ ತಯಾರಾದ ದ್ರಾವಣದಲ್ಲಿ ಹತ್ತು ಕಿಲೋ ನಾಯಿಗೆ ಹನಿಯ ಲೆಕ್ಕವೇ ಜೀವದ ಲೆಕ್ಕ. ತಳಿ ಗೊತ್ತಿಲ್ಲದ ನಾಯಿಗೆ, ಎಳೆಯ ಮರಿಗೆ ಇದನ್ನು ಮನೆಯಲ್ಲಿ ಮಾಡಲೇಬಾರದು.

ಕಜ್ಜಿನಾಯಿಗೆ ಗ್ಯಾರೇಜಿನ ಸುಟ್ಟ ಎಂಜಿನ್ ಆಯಿಲ್ ಬಳಿಯುವುದು, ಸೀಮೆಎಣ್ಣೆ ಹಚ್ಚುವುದು, ಫಿನಾಯಿಲ್ ಬೆರೆಸಿದ ನೀರು ಹುಯ್ಯುವುದು ಇವತ್ತಿಗೂ ನಡೆಯುತ್ತಿದೆ. ಮಾಡುವವರ ಮನಸ್ಸಿನಲ್ಲಿ ಕರುಣೆಯೇ ಇರುತ್ತದೆ, ಅದೇ ನನಗೆ ಹೆಚ್ಚು ಸಂಕಟ. ಎಂಜಿನ್ ಆಯಿಲಿನಲ್ಲಿ ಸವೆದ ಲೋಹದ ಕಣಗಳೂ ಹೈಡ್ರೋಕಾರ್ಬನ್ನುಗಳೂ ಇರುತ್ತವೆ, ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ. ನಾಯಿ ಎರಡನ್ನೂ ನೆಕ್ಕುತ್ತದೆ, ಅಲ್ಲಿಂದ ಹೊಟ್ಟೆಗೆ, ಶ್ವಾಸಕೋಶಕ್ಕೆ. ಮೊದಲೇ ಹರಿದ ಚರ್ಮ ಇವನ್ನು ಇನ್ನೂ ಬೇಗ ಹೀರುತ್ತದೆ.

ಕಾರಣ ಯಾವುದೇ ಇರಲಿ, ಬೆಸುಗೆ ಕಿತ್ತ ಚರ್ಮದ ಮೇಲೆ ಎರಡು ಜೀವಿಗಳು ಬಂದು ಕೂರುತ್ತವೆ. ಸ್ಟ್ಯಾಫಿಲೊಕಾಕಸ್ ಸ್ಯೂಡಿಂಟರ್ಮೀಡಿಯಸ್ ಎಂಬ ಬ್ಯಾಕ್ಟೀರಿಯದಿಂದ ಕೀವುಗುಳ್ಳೆ, ಅಂಚಿನಲ್ಲಿ ಸಿಪ್ಪೆಯೇಳುವ ದುಂಡು ಕಲೆ ಮೂಡುತ್ತದೆ. ಜನ ಈ ಕಲೆಯನ್ನು ಹುಳುಕಡ್ಡಿ ಎಂದು ತಪ್ಪು ತಿಳಿಯುತ್ತಾರೆ. ಮಲಾಸೆಜಿಯ ಎಂಬ ಯೀಸ್ಟ್ ಕಿವಿ, ಕಂಕುಳು, ಕತ್ತಿನ ಅಡಿ, ಬೆರಳ ಸಂದುಗಳಲ್ಲಿ ಬೆಳೆದು ಜಿಡ್ಡು, ಹುಳಿವಾಸನೆ ತರುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಒದ್ದೆ ಆರದ ನಾಯಿಗಳಿಗೆ ಇದರ ಕಾಟ ಹೆಚ್ಚು. ಇವು ಬರೀ ಗಾಯಕ್ಕೆ ಬಂದ ಅತಿಥಿಗಳು ಎಂದೇ ಬಹಳ ಕಾಲ ತಿಳಿಯಲಾಗಿತ್ತು. ಆದರೆ 2023ರಲ್ಲಿ ಹಾರ್ವರ್ಡ್‌ನ ಐಸಾಕ್ ಚಿಯು ಪ್ರಯೋಗಾಲಯ, ಸ್ಟ್ಯಾಫಿಲೊಕಾಕಸ್ ಆರಿಯಸ್ ಹೊರಸೂಸುವ ವಿ8 ಎಂಬ ಕಿಣ್ವ ಇಲಿಗಳ ನರತುದಿಯನ್ನು ನೇರವಾಗಿ ಕೆರಳಿಸಿ ನವೆ ಹುಟ್ಟಿಸುವುದನ್ನು ತೋರಿಸಿತು. ನಾಯಿಯ ಬ್ಯಾಕ್ಟೀರಿಯ ಅದರ ಹತ್ತಿರದ ಬಂಧು. ಸೋಂಕು ವಾಸಿಯಾಗದೆ ನವೆ ಇಳಿಯದು ಎಂದು ಪಶುವೈದ್ಯರು ಅನುಭವದಿಂದ ಹೇಳುತ್ತ ಬಂದ ಮಾತಿಗೆ ಇದರಿಂದ ಬಲ ಬಂತು. ಕ್ಲೋರ್‌ಹೆಕ್ಸಿಡಿನ್ ಇರುವ ಶ್ಯಾಂಪೂ ಹಚ್ಚಿ 10 ನಿಮಿಷ ಬಿಟ್ಟು ತೊಳೆಯುವುದರಿಂದಲೇ ಎಷ್ಟೋ ಸೋಂಕು ಹತೋಟಿಗೆ ಬರುತ್ತದೆ. ಆ್ಯಂಟಿಬಯಾಟಿಕ್ ಗುಳಿಗೆಯನ್ನು ಅಂಗಡಿಯಿಂದ ತಂದು ಮೂರು ದಿನ ನುಂಗಿಸಿ ನಿಲ್ಲಿಸುವುದು ಮಾತ್ರ ಬೇಡ, ಔಷಧಿಗೆ ಬಗ್ಗದ ತಳಿಗಳು ಹುಟ್ಟುವುದು ಹೀಗೆಯೇ.

ಚಿಗಟವಿಲ್ಲ, ನುಸಿಯಿಲ್ಲ, ಸೋಂಕು ವಾಸಿಯಾಗಿದೆ, ಆದರೂ ನಾಯಿ ಪಾದ ನೆಕ್ಕುತ್ತದೆ, ಕಿವಿ ಪದೇಪದೇ ಕೆಡುತ್ತದೆ, ಕಂಕುಳು, ಹೊಟ್ಟೆ ಕೆಂಪಾಗಿದೆ. ಶುರುವಾದದ್ದು 6 ತಿಂಗಳಿಂದ 3 ವರ್ಷದ ವಯಸ್ಸಿನೊಳಗೆ. ಆಗ ಉಳಿಯುವುದು ಅಟೋಪಿಕ್ ಡರ್ಮಟೈಟಿಸ್, ಇಲ್ಲವೇ ಆಹಾರದ ಅಲರ್ಜಿ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಪಗ್, ಫ್ರೆಂಚ್ ಬುಲ್‌ಡಾಗ್, ಶಿಟ್ಜು, ಜರ್ಮನ್ ಶೆಫರ್ಡ್ ಮನೆಗಳಿಗೆ ಇದು ಚಿರಪರಿಚಿತ. ಅಟೋಪಿ ಇರುವ ನಾಯಿಗಳ ಚರ್ಮದ ಬೆಸುಗೆ ಹುಟ್ಟಿನಿಂದಲೇ ದುರ್ಬಲ. ಹಾಸಿಗೆಯ ಧೂಳುನುಸಿಯ ಪುಡಿ, ಪರಾಗ, ಬೂಸ್ಟು ಆ ಸಂದಿನಿಂದ ಒಳಬಂದು ರೋಗನಿರೋಧಕ ವ್ಯವಸ್ಥೆಯನ್ನು ರೇಗಿಸುತ್ತವೆ.

ಇಲ್ಲಿ ನಮ್ಮ ನೆಗಡಿ ಗುಳಿಗೆಗಳ ಜಾತಿಯ ಆ್ಯಂಟಿಹಿಸ್ಟಮಿನ್ ಹೆಚ್ಚು ಉಪಯೋಗಕ್ಕೆ ಬಾರದು. ನಾಯಿಯ ಅಲರ್ಜಿ ನವೆಯನ್ನು ನಡೆಸುವ ಮುಖ್ಯ ಅಣು ಹಿಸ್ಟಮಿನ್ ಅಲ್ಲ. 2004ರಲ್ಲಿ ಇಂಟರ್‌ಲ್ಯೂಕಿನ್-31 ಎಂಬ ಹೊಸ ಸಂದೇಶದ ಪ್ರೋಟೀನು ಪತ್ತೆಯಾಯಿತು. ಅದು ಅತಿಯಾಗಿ ಉತ್ಪತ್ತಿಯಾಗುವಂತೆ ಮಾಡಿದ ಇಲಿಗಳು ಮೈ ಹರಿಯುವಷ್ಟು ಕೆರೆದುಕೊಂಡವು. 2013ರಲ್ಲಿ ನಾಯಿಗಳಿಗೆ ಅದನ್ನು ಚುಚ್ಚಿದಾಗ ಅವಕ್ಕೂ ನವೆಯೆದ್ದಿತು. ಅದೇ ವರ್ಷ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಓಕ್ಲಾಸಿಟಿನಿಬ್ ಗುಳಿಗೆ ಈ ಸಂದೇಶ ಜೀವಕೋಶದೊಳಕ್ಕೆ ತಲುಪುವ ದಾರಿಯನ್ನು ಮುಚ್ಚುತ್ತದೆ. 2016ರಲ್ಲಿ ಬಂದ ಲೋಕಿವೆಟ್ಮ್ಯಾಬ್ ಆ ಪ್ರೋಟೀನನ್ನೇ ಹಿಡಿದು ನಿಷ್ಕ್ರಿಯಗೊಳಿಸುವ ಪ್ರತಿಕಾಯ. ಒಂದು ಚುಚ್ಚುಮದ್ದಿನ ಪರಿಣಾಮ 4ರಿಂದ 8 ವಾರ. ನಾಯಿಯ ನವೆಗಾಗಿಯೇ ಇಷ್ಟು ಸೂಕ್ಷ್ಮ ಔಷಧಿಗಳು ಬಂದಿರುವುದು ನಮ್ಮ ಕಾಲದ ಭಾಗ್ಯ.

ಅದಕ್ಕೆ ಮೊದಲು ಇದ್ದದ್ದು ಸ್ಟಿರಾಯ್ಡ್. ಈಗಲೂ ಇದೆ, ಸರಿಯಾಗಿ ಬಳಸಿದರೆ ಒಳ್ಳೆಯ ಔಷಧಿಯೇ, ಗಂಟೆಗಳಲ್ಲಿ ನವೆ ಇಳಿಸುತ್ತದೆ. ಅಪಾಯ ಇರುವುದು ಆ ವೇಗದಲ್ಲೇ. “ಹೋದ ಸಲದ ಇಂಜೆಕ್ಷನ್ನೇ ಹಾಕಿ ಡಾಕ್ಟ್ರೇ, ಎರಡೇ ದಿನದಲ್ಲಿ ಸರಿಹೋಗಿತ್ತು” ಎಂದು ತಿಂಗಳು ತಿಂಗಳು ಹಾಕಿಸಿದರೆ ನಾಯಿ ಮಿತಿಮೀರಿ ನೀರು ಕುಡಿಯುತ್ತದೆ, ಹೊಟ್ಟೆ ಜೋತುಬೀಳುತ್ತದೆ, ಚರ್ಮ ಕಾಗದದಷ್ಟು ತೆಳುವಾಗುತ್ತದೆ, ಕೆಲವು ನಾಯಿಗಳ ಚರ್ಮದಲ್ಲಿ ಸುಣ್ಣ ಕಟ್ಟಿ ಗಡುಸಾಗುತ್ತದೆ. ನವೆಯ ಕಾರಣ ಚಿಗಟವೋ ಕಜ್ಜಿಯೋ ಆಗಿದ್ದರೆ ಅದು ಅಲ್ಲೇ ಇರುತ್ತದೆ.

ಆಹಾರದ ಅಲರ್ಜಿಯನ್ನು ರಕ್ತಪರೀಕ್ಷೆ ನಂಬುವಂತೆ ಹೇಳಲಾರದು. ದಾರಿ ಒಂದೇ: ನಾಯಿ ಹಿಂದೆಂದೂ ತಿನ್ನದ ಪ್ರೋಟೀನಿನ ಊಟವನ್ನು, ಇಲ್ಲವೇ ಪ್ರೋಟೀನನ್ನು ಚೂರುಚೂರಾಗಿ ಒಡೆದು ತಯಾರಿಸಿದ ವೈದ್ಯಕೀಯ ಆಹಾರವನ್ನು 8 ವಾರ ಕೊಡುವುದು, ಬೇರೆ ಏನನ್ನೂ ಕೊಡದಿರುವುದು. ಗುಣ ಕಂಡರೆ ಹಳೆಯ ಊಟಕ್ಕೆ ಮರಳಿ, ನವೆ ಮತ್ತೆ ಏಳುತ್ತದೆಯೇ ಎಂದು ನೋಡಬೇಕು. ಎದ್ದರೆ ರೋಗ ಖಚಿತ. 2016ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಇಂಥ 297 ನಾಯಿಗಳ ವರದಿಗಳನ್ನು ಒಟ್ಟುಗೂಡಿಸಿತು: ದನದ ಮಾಂಸ ಶೇ. 34, ಹಾಲು ಮತ್ತು ಅದರ ಉತ್ಪನ್ನ ಶೇ. 17, ಕೋಳಿ ಶೇ. 15, ಗೋಧಿ ಶೇ. 13. ಪದೇಪದೇ ತಿಂದ ಪದಾರ್ಥಕ್ಕೇ ಅಲರ್ಜಿ ಬೆಳೆಯುವುದರಿಂದ ನಮ್ಮ ಮನೆಗಳಲ್ಲಿ ಕೋಳಿ, ಹಾಲು, ಮೊಸರುಗಳನ್ನು ಮೊದಲು ಸಂಶಯಿಸುವುದು ನ್ಯಾಯ. ಈ 8 ವಾರದ ವ್ರತ ಮುರಿಯುವುದು ಅಜ್ಜಿ ಗುಟ್ಟಾಗಿ ಹಾಕುವ ಮೊಸರನ್ನದ ತುತ್ತಿನಿಂದ, ಪಕ್ಕದ ಮನೆಯ ಮಗು ಗೇಟಿನ ಸಂದಿನಿಂದ ಕೊಡುವ ಗ್ಲೂಕೋಸ್ ಬಿಸ್ಕತ್ತಿನಿಂದ, ಕೋಳಿಯ ರುಚಿ ಸೇರಿಸಿದ ಜಂತುಗುಳಿಗೆಯಿಂದ. ಮನೆಮಂದಿಯೆಲ್ಲ ಕೂತು ಮಾತಾಡಿ ಶುರುಮಾಡುವುದು ಒಳ್ಳೆಯದು.

ವಯಸ್ಸಾದ ಮೇಲೆ ಮೊದಲ ಸಲ ಚರ್ಮ ಒಣಗಿದರೆ ದಾರಿ ಬೇರೆ. ಏಳೆಂಟು ವರ್ಷದ ನಾಯಿ ಮಂಕಾಗಿದೆ, ತೂಕ ಏರಿದೆ, ಬಾಲದ ಕೂದಲು ಉದುರಿದೆ, ಹೊಟ್ಟಿದೆ, ನವೆ ಮಾತ್ರ ಇಲ್ಲ: ಥೈರಾಯ್ಡ್ ಪರೀಕ್ಷೆಯಾಗಬೇಕು.

ಸ್ನಾನದ ವಿಷಯಕ್ಕೆ ಬರುತ್ತೇನೆ. ಆರೋಗ್ಯವಂತ ನಾಯಿಗೆ ತಿಂಗಳಿಗೊಂದು ಸ್ನಾನ ಸಾಕು. ಅಟೋಪಿ ಇರುವ ನಾಯಿಗೆ ವಾರಕ್ಕೊಂದು ಬೇಕಾಗಬಹುದು, ಮೈಗೆ ಅಂಟಿದ ಧೂಳು ಪರಾಗ ತೊಳೆದುಹೋಗುತ್ತದೆ. ಎರಡಕ್ಕೂ ನಾಯಿಯ ಶ್ಯಾಂಪೂ, ಉಗುರುಬೆಚ್ಚಗಿನ ನೀರು. ಬಿಸಿನೀರು ನವೆಯನ್ನು ಕೆರಳಿಸುತ್ತದೆ. ನುಣ್ಣಗೆ ಪುಡಿಮಾಡಿದ ಓಟ್ಸ್ ಇರುವ ಶ್ಯಾಂಪೂ ತುಸು ಹಿತ ಕೊಡುತ್ತದೆ. ಕೊನೆಗೆ ಬೆರಳ ಸಂದುಗಳನ್ನು ಒರೆಸಿ ಒಣಗಿಸಲೇಬೇಕು. ಮೈಗೆ ಎಣ್ಣೆ ಹಚ್ಚುವುದು ಮೇಲಿನ ಒಣಪದರವನ್ನು ಮೆತ್ತಗೆ ಮಾಡೀತು, ಒಳಗಿನ ಕಾರಣ ಮುಟ್ಟದು. ಟೀ ಟ್ರೀ ಎಣ್ಣೆಯನ್ನಂತೂ ಹತ್ತಿರ ತರಬಾರದು, ನಾಯಿಗೆ ವಿಷ.

ಕಾರಣ ಹುಡುಕುವ ವಾರಗಳಲ್ಲಿ ಕೆರೆತವನ್ನು ತಡೆಯಲು ಕೊರಳಿಗೆ ಪ್ಲಾಸ್ಟಿಕ್ ಕೋನ್ ಹಾಕುತ್ತಾರೆ. ನಾಯಿಗೆ ಅದು ಇಷ್ಟವಿಲ್ಲ, ನಮಗೂ ನೋಡಲಾಗದು. ಅದರ ಬೆಲೆ ಏನೆಂಬುದಕ್ಕೆ 2025ರ ಜನವರಿಯಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಡೇನಿಯಲ್ ಕ್ಯಾಪ್ಲಾನ್ ತಂಡ ಪುರಾವೆ ಕೊಟ್ಟಿತು. ಅಲರ್ಜಿಯೆಬ್ಬಿಸಿದ ಇಲಿಗಳಲ್ಲಿ ಕೆಲವಕ್ಕೆ ಅವರು ಅಂಥದೇ ಪುಟ್ಟ ಕೋನ್ ತೊಡಿಸಿದರು. ಕೆರೆದುಕೊಂಡ ಇಲಿಗಳ ಕಿವಿ ಊದಿಕೊಂಡು ಉರಿಯೂತದ ಕೋಶಗಳಿಂದ ತುಂಬಿತು. ಕೋನ್ ತೊಟ್ಟವುಗಳಲ್ಲಿ ಊತ ತೀರಾ ಕಡಿಮೆ. ಕೆರೆದಾಗ ನೋವಿನ ನರಗಳು ಸಬ್‌ಸ್ಟೆನ್ಸ್ ಪಿ ಎಂಬ ರಾಸಾಯನಿಕ ಬಿಡುತ್ತವೆ, ಅದು ಮಾಸ್ಟ್ ಕೋಶಗಳನ್ನು ಎಬ್ಬಿಸಿ ಉರಿಯೂತ ಹೆಚ್ಚಿಸುತ್ತದೆ. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಸಿಕ್ಕಿತು: ಕೆರೆತದಿಂದ ಚರ್ಮದ ಮೇಲಿನ ಸ್ಟ್ಯಾಫಿಲೊಕಾಕಸ್ ಸಂಖ್ಯೆ ತಗ್ಗಿತು. ಜೀವವಿಕಾಸ ಈ ಬಡಿತವನ್ನು ಬೆನ್ನುಹುರಿಯಲ್ಲಿ ಉಳಿಸಿಕೊಂಡು ಬಂದಿರುವುದಕ್ಕೆ ಇದೂ ಒಂದು ಕಾರಣ ಇದ್ದೀತು. ದಿನವೆಲ್ಲ ಕೆರೆಯುವ ಅಲರ್ಜಿ ನಾಯಿಗೆ ಮಾತ್ರ ಆ ಲಾಭಕ್ಕಿಂತ ಹಾನಿಯೇ ದೊಡ್ಡದು.

ಬೀದಿನಾಯಿಗೆ ಕೋನ್ ಇಲ್ಲ, ವಾರದ ಸ್ನಾನವಿಲ್ಲ. ಅವುಗಳ ಪಾಲಿಗೆ ಕಳೆದ ದಶಕ ದೊಡ್ಡ ಬದಲಾವಣೆ ತಂದಿದೆ. ಐಸೊಕ್ಸಾಜೋಲಿನ್ ಗುಂಪಿನ ಫ್ಲುರಲೇನರ್, ಅಫೊಕ್ಸೊಲೇನರ್ ಮೊದಲಾದ ಗುಳಿಗೆಗಳು ಚಿಗಟ, ಉಣ್ಣಿಗಳ ಜೊತೆಗೆ ಕಜ್ಜಿಯ ನುಸಿ, ಡೆಮೊಡೆಕ್ಸ್ ಎರಡನ್ನೂ ಕೊಲ್ಲುತ್ತವೆ. ಫ್ಲುರಲೇನರ್ ಒಂದು ಗುಳಿಗೆಯ ಕಾವಲು ಚಿಗಟ, ಉಣ್ಣಿಗಳ ಮೇಲೆ 12 ವಾರ. ಸೆಳೆತದ ಕಾಯಿಲೆ ಇರುವ ನಾಯಿಗೆ ಎಚ್ಚರ ಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ತಿಳಿಸಿದೆ, ತೂಕಕ್ಕೆ ತಕ್ಕ ಗುಳಿಗೆಯನ್ನು ಪಶುವೈದ್ಯರಿಂದಲೇ ಬರೆಸಿಕೊಳ್ಳಬೇಕು. ಆದರೆ ಹಿಡಿಯಲು ಬಾರದ, ಹತ್ತಿರ ಬಿಡದ ನಾಯಿಗೂ ಇದನ್ನು ಒಂದು ತುಂಡು ಕೋಳಿಯೊಳಗೆ ಹುದುಗಿಸಿ ತಿನ್ನಿಸಬಹುದು. ಬಲೆ ಬೇಡ, ಬಾಯಿಕುಕ್ಕೆ ಬೇಡ, ಬಳಿಯುವ ಎಣ್ಣೆ ಬೇಡ. ಬೆಲೆ ಕಡಿಮೆಯೇನಲ್ಲ, ಬೀದಿಯ ನಾಲ್ಕು ಮನೆಯವರು ಹಂಚಿಕೊಂಡರೆ ಒಂದು ನಾಯಿಗೆ ಸಾಲುತ್ತದೆ. ಮೊದಲ ವಾರಗಳಲ್ಲಿ ಕೆರೆತ ಇಳಿಯುತ್ತದೆ, ಆಮೇಲೆ ಹುರುಪೆ ಕಳಚುತ್ತದೆ, ಎರಡು ತಿಂಗಳ ಹೊತ್ತಿಗೆ ಕೂದಲು ಬರುತ್ತದೆ. ಆ ಬೀದಿಯಲ್ಲಿ ಕಜ್ಜಿಯಿರುವ ಬೇರೆ ನಾಯಿಗಳಿದ್ದರೆ ಅವಕ್ಕೂ ಅದೇ ವಾರ ಕೊಡಬೇಕು, ಇಲ್ಲವಾದರೆ ನುಸಿ ಮರಳಿ ಬರುತ್ತದೆ.